ಬಜ್ಪೆಯಿಂದ ಸಾಂತಾಕ್ರೂಜ್‌ಗೆ ಎಷ್ಟು ದೂರ?

ಊರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲೋ, ಮದುವೆ ಊಟದ ಪಂಕ್ತಿಯಲ್ಲೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮುಂಬಯಿ ಇಲ್ಲಿಂದ ಎಷ್ಟು ದೂರ ಮಾರಾಯ್ರೆ?" ಇದಕ್ಕೆ ಮುಂಬಯಿಯವರಾದ ನಾವು ಯಾರೂ ಕಿಲೋಮೀಟರಿನಲ್ಲಿ ಉತ್ತರ ಕೊಟ್ಟವರಲ್ಲ. ನನ್ನ ಸೋದರಮಾವ "ಎರಡು ರಾತ್ರಿ" ಅನ್ನುತ್ತಿದ್ದರು. ನಾನು ಬ್ಯಾಂಕಿಗೆ ಸೇರಿದ ಹೊಸತರಲ್ಲಿ "ಒಂದು ದಿನ" ಅನ್ನುತ್ತಿದ್ದೆ. ಆಮೇಲೆ ಅದು "ಒಂದು ರಾತ್ರಿ" ಎಂದಾಯಿತು. ನನ್ನ ಮಗಳು "ಒಂದೂವರೆ ಗಂಟೆ" ಅನ್ನುತ್ತಾಳೆ. ನಾಲ್ಕೂ ಉತ್ತರ ಸರಿಯೇ. ಊರೂ ಕದಲಿಲ್ಲ, ಮುಂಬಯಿಯೂ ಕದಲಿಲ್ಲ. ನಡುವಿನ ದೂರ ಮಾತ್ರ ಒಂದೊಂದು ತಲೆಮಾರಿಗೆ ಒಂದೊಂದು.

ನಾನು ಓದಿದ್ದು ಎಂ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಹಾಗಾಗಿ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಶಾಲೆಯ ಅಟ್ಲಾಸ್ ಇದ್ದರೆ ನೀವೂ ಮಾಡಿ ನೋಡಬಹುದು. ಮುಂಬಯಿಯ ವಿಮಾನ ನಿಲ್ದಾಣ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಮಂಗಳೂರಿನ ಬಜ್ಪೆ 13 ಡಿಗ್ರಿಗೆ ತುಸು ಕೆಳಗೆ. ನಡುವೆ ಆರು ಡಿಗ್ರಿ ಮತ್ತು ಸ್ವಲ್ಪ. ಒಂದು ಡಿಗ್ರಿಗೆ 111 ಕಿ.ಮೀ. ಅಂದರೆ ತೆಂಕು-ಬಡಗಾಗಿ ಸುಮಾರು 680 ಕಿ.ಮೀ. ಆಯಿತು. ಬಜ್ಪೆ ಮುಂಬಯಿಯಿಂದ ಮೂಡಣಕ್ಕೆ ಎರಡು ಡಿಗ್ರಿಯಷ್ಟು ಸರಿದಿದೆ, ಅದು ಇನ್ನೂರ ಹದಿನೈದರಷ್ಟು ಕಿ.ಮೀ. ಈ ಎರಡರ ಕರ್ಣ ತೆಗೆದರೆ ಆಕಾಶದ ನೇರ ದೂರ ಸುಮಾರು 715 ಕಿ.ಮೀ. ವಿಮಾನದವರ ನಾಟಿಕಲ್ ಮೈಲಿನಲ್ಲಿ 386. ಇದು ಬದಲಾಗದ ಅಂಕಿ. ಈ ಲೇಖನದಲ್ಲಿ ಉಳಿದ ಎಲ್ಲ ಅಂಕಿಗಳೂ ಬದಲಾದವು.

ನಮ್ಮ ಮನೆ ಇರುವುದು ಬಜ್ಪೆಯಿಂದ ಕಟೀಲಿನ ಕಡೆಗೆ ಹೋಗುವ ದಾರಿಯಲ್ಲಿ, ವಿಮಾನ ನಿಲ್ದಾಣದಿಂದ ಆರು ಕಿ.ಮೀ. ದೂರದಲ್ಲಿ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೊಂಬಾಯಿಯ ವಿಮಾನ ಇತ್ತು. ಅದು ನಮ್ಮ ತೋಟದ ಮೇಲಿಂದ ಒಂದು ಸುತ್ತು ಹಾಕಿ ಗುಡ್ಡದ ಮೇಲೆ ಇಳಿಯುತ್ತಿತ್ತು. ಗದ್ದೆಯಲ್ಲಿದ್ದ ಅಪ್ಪ ತಲೆ ಎತ್ತಿ ನೋಡಿ, "ಬೊಂಬಾಯಿ ಬಂತು, ಗಂಜಿಗೆ ಹೊತ್ತಾಯಿತು" ಎಂದು ಕೈಕಾಲು ತೊಳೆಯಲು ತೋಡಿಗೆ ಇಳಿಯುತ್ತಿದ್ದರು. ಮಳೆಗಾಲದಲ್ಲಿ ಮೋಡ ಮುಚ್ಚಿ ವಿಮಾನ ಬಾರದಿದ್ದರೆ ಗಂಜಿ ತಡವಾಗುತ್ತಿತ್ತು. ಆ ವಿಮಾನದೊಳಗೆ ನಮ್ಮಂಥವರು ಕೂತುಕೊಳ್ಳಬಹುದು ಎಂಬ ಯೋಚನೆ ಮನೆಯಲ್ಲಿ ಯಾರಿಗೂ ಬಂದದ್ದಿಲ್ಲ.

ನಮ್ಮ ಮನೆಯಿಂದ ಮೊದಲು ಮುಂಬಯಿಗೆ ಹೋದವರು ಸೋದರಮಾವ. ಎರಡನೇ ಮಹಾಯುದ್ಧ ಶುರುವಾಗುವುದಕ್ಕಿಂತ ಮುಂಚೆ, ಹನ್ನೆರಡೋ ಹದಿಮೂರೋ ವರ್ಷದ ಹುಡುಗ, ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿದ್ದು. ಕೆಳಗಿನ ಡೆಕ್ಕಿನಲ್ಲಿ ಚಾಪೆ ಹಾಸಿ ಮಲಗಿದ್ದು, ಅವಲಕ್ಕಿ ಬೆಲ್ಲ ತಿಂದದ್ದು, ಹಡಗು ಒಂದೊಂದು ಬಂದರಿನ ಹೊರಗೆ ನಿಂತಾಗ ಸಣ್ಣ ದೋಣಿಗಳು ಬಂದು ಜನರನ್ನು ಹತ್ತಿಸಿ ಇಳಿಸಿದ್ದು, ಎರಡು ರಾತ್ರಿ ಕಳೆದು ಬೊಂಬಾಯಿಯ ದೀಪ ಕಂಡದ್ದು, ಇವನ್ನೆಲ್ಲ ಮಾವ ಎಷ್ಟು ಸಲ ಹೇಳಿದರೂ ಮೊದಲ ಸಲ ಹೇಳುವ ಹಾಗೆ ಹೇಳುತ್ತಿದ್ದರು. ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ಆಗಲೇ ಮುಂಬಯಿಯಲ್ಲಿ ನಮ್ಮವರ ನೆಲೆ ಗಟ್ಟಿಯಾಗಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ.

ಮಳೆಗಾಲದಲ್ಲಿ ಕರಾವಳಿಯ ಹಡಗು ಓಡುತ್ತಿರಲಿಲ್ಲ. ಹಾಗಾಗಿ ಮೇ ಕೊನೆಯ ಹಡಗು ತಪ್ಪಿಸಿಕೊಂಡವರಿಗೆ ಚೌತಿಯ ಹೊತ್ತಿನ ತನಕ ಊರು ಇಲ್ಲ ಎಂದೇ ಲೆಕ್ಕ. ರೈಲು ಇರಲಿಲ್ಲವೇ ಎಂದು ಕೇಳಬಹುದು. 1907ರಲ್ಲೇ ಮಂಗಳೂರಿಗೆ ರೈಲು ಬಂದಿತ್ತು. ಆದರೆ ಅದು ಬಂದದ್ದು ಮದ್ರಾಸಿನ ಕಡೆಯಿಂದ, ಪಾಲ್ಘಾಟ್, ಶೊರನೂರು, ಕಣ್ಣಾನೂರು ಸುತ್ತಿಕೊಂಡು. ಅದಕ್ಕೆ ಕಾರಣ ಇತ್ತು. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಉತ್ತರ ಕನ್ನಡ ಬೊಂಬಾಯಿ ಪ್ರೆಸಿಡೆನ್ಸಿಯಲ್ಲಿತ್ತು. ಅದರಾಚೆ ಗೋವಾ, 1961ರ ಡಿಸೆಂಬರ್ ತನಕ ಪೋರ್ತುಗೀಸರದ್ದು. ಒಂದೇ ಕಡಲ ತೀರ, ಆದರೆ ದೊರೆಗಳು ಮೂವರು. ಮದ್ರಾಸಿನವರಿಗೆ ಮಂಗಳೂರನ್ನು ಮದ್ರಾಸಿಗೆ ಸೇರಿಸುವ ಅಗತ್ಯ ಇತ್ತು, ಮುಂಬಯಿಗೆ ಸೇರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಹೊಟ್ಟೆಪಾಡಿಗೆ ಅತ್ತ ಹೋಗುತ್ತಿದ್ದ ಹುಡುಗರಿಗೆ ಮಾತ್ರ ಇತ್ತು. ಅವರ ಮಾತನ್ನು ಯಾರು ಕೇಳುತ್ತಾರೆ?

ಮುಂಬಯಿಯ ಆಕಾಶಕ್ಕೂ ನಮ್ಮ ನಾಡಿಗೂ ನಂಟು ಶುರುವಾದದ್ದು ಮಂಗಳೂರಿನಿಂದಲ್ಲ, ಬಳ್ಳಾರಿಯಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಮುಂಬಯಿಯ ಜುಹೂ ಮೈದಾನಕ್ಕೆ ಟಪಾಲು ತಂದಿಳಿಸಿದರು. ಅಲ್ಲಿಂದ ಆ ಟಪಾಲನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಹಾರಿಸಿಕೊಂಡು ಹೋದದ್ದು ಬಳ್ಳಾರಿಯ ಮೇಲಾಗಿ. ಮನುಷ್ಯರಿಗಿಂತ ಮೊದಲು ಕಾಗದಗಳು ಹಾರಿದವು ಅನ್ನಬೇಕು.

ಬಜ್ಪೆಯ ಸರದಿ ಬಂದದ್ದು ಸ್ವಾತಂತ್ರ್ಯದ ಮೇಲೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ನಿಲ್ದಾಣ ಆರಂಭವಾಯಿತು. ಆ ದಿನ ಸುತ್ತಮುತ್ತಲ ಊರುಗಳಲ್ಲಿ ಗದ್ದೆಗೆ ಇಳಿದವರೇ ಇಲ್ಲವಂತೆ. ಅಪ್ಪ ಆಗ ಹದಿಹರೆಯದವರು, ಗುಡ್ಡ ಹತ್ತಿ ನೋಡಿ ಬಂದವರಲ್ಲಿ ಒಬ್ಬರು. ನೆಹರೂ ಕಂಡರೇ ಎಂದು ನಾವು ಕೇಳಿದರೆ, "ನೆಹರೂ ಕಾಣಲಿಲ್ಲ, ಟೊಪ್ಪಿ ಕಂಡಿತು" ಅನ್ನುತ್ತಿದ್ದರು. ಎರಡು ವರ್ಷ ಬಿಟ್ಟು, 1953ರಲ್ಲಿ, ದೇಶದ ವಿಮಾನ ಕಂಪೆನಿಗಳನ್ನೆಲ್ಲ ಸರಕಾರ ವಹಿಸಿಕೊಂಡು ಇಂಡಿಯನ್ ಏರ್‌ಲೈನ್ಸ್ ಮಾಡಿತು.

ಇಲ್ಲಿ ಬಜ್ಪೆಯ ನೆಲದ ಬಗ್ಗೆ ಒಂದು ಮಾತು ಹೇಳಬೇಕು. ಕರಾವಳಿಯಲ್ಲಿ ಸಮತಟ್ಟಾದ ಜಾಗವೆಲ್ಲ ಗದ್ದೆ, ತೋಟ, ನದಿ. ಹಾಗಾಗಿ ವಿಮಾನಕ್ಕೆ ಸಿಕ್ಕಿದ್ದು ಗುಡ್ಡದ ನೆತ್ತಿ. ಮೇಜಿನ ಹಾಗೆ ಚಪ್ಪಟೆ ಮಾಡಿದ ಗುಡ್ಡ, ಆಚೀಚೆ ಇಳಿಜಾರು. ಹಳೆಯ ರನ್‌ವೇಯ ಉದ್ದ 1,615 ಮೀಟರ್. ಡಕೋಟಾ ಗಂಟೆಗೆ ಮುನ್ನೂರು ಕಿ.ಮೀ. ಸುಮಾರಿಗೆ ಹೋಗುವ ವಿಮಾನ, ಅದಕ್ಕೆ 715 ಕಿ.ಮೀ. ಅಂದರೆ ಎರಡೂವರೆ ಗಂಟೆಯ ದಾರಿ. ಆಮೇಲೆ ಬಂದದ್ದು ಆವ್ರೋ, ಕಾನ್ಪುರದಲ್ಲಿ ಎಚ್.ಎ.ಎಲ್. ಕಟ್ಟಿದ್ದು. ಅದರ ವೇಗ ಗಂಟೆಗೆ 450 ಕಿ.ಮೀ.ಯಷ್ಟು, ಹಾಗಾಗಿ ಒಂದೂಮುಕ್ಕಾಲು ಗಂಟೆ. ಕೊನೆಗೆ ಬೋಯಿಂಗ್ ಜೆಟ್. ಗಂಟೆಗೆ 800 ಕಿ.ಮೀ. ಓಡುವ ಅದಕ್ಕೆ ಏರುವುದು ಇಳಿಯುವುದು ಸೇರಿ ಒಂದು ಗಂಟೆ, ಹತ್ತು ಹದಿನೈದು ನಿಮಿಷ. ಗುಡ್ಡ ಮಾತ್ರ ಅಷ್ಟೇ ಉದ್ದ ಇತ್ತು. 1981ರ ಆಗಸ್ಟ್ 19ರಂದು ಮಳೆಯಲ್ಲಿ ಇಳಿದ ಒಂದು ಆವ್ರೋ ರನ್‌ವೇ ದಾಟಿ ಅಂಚಿನಲ್ಲಿ ಹೋಗಿ ನಿಂತಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ನಾನಾಗ ಕೊಣಾಜೆಯಲ್ಲಿ ಎಂ.ಕಾಂ. ಓದುತ್ತಿದ್ದೆ. "ನಮ್ಮ ಗುಡ್ಡ ಸಣ್ಣದಾಯಿತು" ಎಂದು ಅಪ್ಪ ಹೇಳಿದ್ದು ನೆನಪಿದೆ.

ಮರುವರ್ಷ, 1982ರಲ್ಲಿ, ಬ್ಯಾಂಕಿನ ನೇಮಕಾತಿಯ ಕಾಗದ ಬಂತು. ಮುಂಬಯಿಯ ಶಾಖೆ. ನಾನು ಹೋದದ್ದು ಬಸ್ಸಿನಲ್ಲಿ. ಆ ಕಾಲದ ಬಸ್ಸನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಸ್ಲೀಪರ್ ಇಲ್ಲ, ಏಸಿ ಇಲ್ಲ. ಮಧ್ಯಾಹ್ನ ಊರು ಬಿಟ್ಟು ಉಡುಪಿ, ಕುಂದಾಪುರ, ಹೊನ್ನಾವರ ದಾಟಿ, ಅಂಕೋಲದಲ್ಲಿ ಬಲಕ್ಕೆ ತಿರುಗಿ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಕಂಡು ಮರುದಿನ ಮಧ್ಯಾಹ್ನ ಸಾಯನ್ನಿನಲ್ಲಿ ಇಳಿಯುವಾಗ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎಲ್ಲ ಸರಿ ಹೋದರೆ ಇಪ್ಪತ್ತನಾಲ್ಕು, ಇಪ್ಪತ್ತೈದು ಗಂಟೆ. ರೈಲಿನಲ್ಲಾದರೆ ಕೇರಳ, ತಮಿಳುನಾಡು, ಆಂಧ್ರ ಸುತ್ತಿ 2,041 ಕಿ.ಮೀ., 41 ಗಂಟೆ. 715 ಕಿ.ಮೀ. ದೂರದ ಊರಿಗೆ ಎರಡು ಸಾವಿರ ಕಿ.ಮೀ. ರೈಲು! ಹಾಗಾಗಿ ಬಸ್ಸೇ ಗತಿ. ಬಸ್ಸಿನ ತಲೆಯ ಮೇಲೆ ಹಲಸು, ಕುಚ್ಚಲಕ್ಕಿಯ ಮೂಟೆ, ಯಾರದ್ದೋ ಹೋಟೆಲಿಗೆ ಬಾಳೆಎಲೆ. ಒಳಗೆ ತುಳು, ಕೊಂಕಣಿ, ಕುಂದಾಪ್ರ ಕನ್ನಡ, ಬ್ಯಾರಿ ಎಲ್ಲ ಭಾಷೆ. ಊರು ತಲುಪುವ ಮೊದಲೇ ಊರು ಸಿಗುತ್ತಿತ್ತು, ಅದನ್ನು ಮರೆಯಬಾರದು.

ಈಗ 1986ರ ಜುಲೈಗೆ ಬರುತ್ತೇನೆ. ಒಂದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನನ್ನ ಶಾಖೆಗೆ ಊರಿನಿಂದ ಲೈಟ್ನಿಂಗ್ ಕಾಲ್ ಬಂತು. ನಮ್ಮೂರಿನಲ್ಲಿದ್ದ ನಮ್ಮದೇ ಬ್ಯಾಂಕಿನ ಶಾಖೆಯ ಮ್ಯಾನೇಜರು ಮಾಡಿದ್ದು. ಬೆಳಗಿನ ಜಾವ ಅಪ್ಪ ತೀರಿಕೊಂಡಿದ್ದರು. ಮುಂಚಿನ ದಿನ ಸಂಜೆಯವರೆಗೂ ಗದ್ದೆಯಲ್ಲಿದ್ದ ಮನುಷ್ಯ.

ನಾನು ಏನು ಮಾಡಿದೆ ಎಂಬುದನ್ನು ಇಷ್ಟು ವರ್ಷಗಳ ಮೇಲೂ ಒಂದೊಂದಾಗಿ ಹೇಳಬಲ್ಲೆ. ರಜೆಯ ಅರ್ಜಿ ಬರೆದೆ. ಸಹೋದ್ಯೋಗಿಯೊಬ್ಬರು ಕೈಗೆ ಇನ್ನೂರು ರೂಪಾಯಿ ಕೊಟ್ಟರು. ಲೋಕಲ್ ಹಿಡಿದು ಸಾಯನ್ನಿಗೆ ಬಂದು ಬಸ್ಸಿನ ಏಜೆಂಟನ ಎದುರು ನಿಂತೆ. ಎರಡು ಗಂಟೆಯ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ವಿಮಾನದ ಯೋಚನೆ ಬರಲಿಲ್ಲ. ದುಡ್ಡಿಲ್ಲ ಎಂದು ಬಿಟ್ಟದ್ದಲ್ಲ, ಸೀಟಿಲ್ಲ ಎಂದು ಬಿಟ್ಟದ್ದೂ ಅಲ್ಲ. ತಲೆಗೆ ಬರಲೇ ಇಲ್ಲ. ಒಂದು ಟಿಕೇಟಿಗೆ ಅರ್ಧ ತಿಂಗಳ ಸಂಬಳ ಹೋಗುತ್ತಿತ್ತು ನಿಜ, ಆದರೆ ಕೇಳಿದ್ದರೆ ಬ್ಯಾಂಕು ಮುಂಗಡ ಕೊಡುತ್ತಿತ್ತು. ದಿನಾಲೂ ಊರಿನವರ ಸಾಲದ ಅರ್ಜಿ ನೋಡುತ್ತಿದ್ದ ಆಫೀಸರಿಗೆ ತನಗೊಂದು ಮುಂಗಡ ಕೇಳಬಹುದೆಂದು ಹೊಳೆಯಲಿಲ್ಲ. ವಿಮಾನ ನಮ್ಮ ಮನೆಯ ಮೇಲಿಂದ ಹಾರುತ್ತಿತ್ತು ಹೊರತು ಅದು ನಮ್ಮದಾಗಿರಲಿಲ್ಲ.

ಆ ರಾತ್ರಿ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಆರು ಗಂಟೆ ಬಸ್ಸು ನಿಂತಲ್ಲೇ ನಿಂತಿತು. ನಾನು ಅಂಗಳಕ್ಕೆ ಕಾಲಿಟ್ಟಾಗ ಬುಧವಾರ ರಾತ್ರಿ ಒಂಬತ್ತು. ಒಟ್ಟು ಮೂವತ್ತೊಂದು ಗಂಟೆ. ಮಳೆಯಲ್ಲಿ ಇನ್ನೂ ಇಟ್ಟುಕೊಳ್ಳಲು ಸಾಧ್ಯವಿಲ್ಲವೆಂದು ಸಂಜೆ ಐದಕ್ಕೆ ಎಲ್ಲ ಮುಗಿಸಿದ್ದರು. ಹಿರಿಮಗ ನಾನು, ಕೊಳ್ಳಿ ಇಟ್ಟದ್ದು ತಮ್ಮ. ಗದ್ದೆಯಂಚಿನಲ್ಲಿ ತಗಡಿನ ಮಾಡಿನಡಿ ಕೆಂಡ ಇನ್ನೂ ಹೊಗೆಯಾಡುತ್ತಿತ್ತು.

ತಮ್ಮ ಆಮೇಲೆ ಒಂದು ಮಾತು ಹೇಳಿದ. ಬುಧವಾರ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟು ವಿಮಾನ ಬಂತಂತೆ. ಸದ್ದು ಕೇಳಿದ ಕೂಡಲೇ ಅಮ್ಮ ಅಂಗಳಕ್ಕೆ ಇಳಿದು ಮೇಲೆ ನೋಡಿ, "ಇನ್ನು ಅರ್ಧ ಗಂಟೆಯಲ್ಲಿ ಬರ್ತಾನೆ" ಎಂದರಂತೆ. ಬಜ್ಪೆಯಿಂದ ಬರುವ ದಾರಿಯನ್ನೇ ನೋಡುತ್ತ ಐದು ಗಂಟೆಯವರೆಗೂ ಕೂತಿದ್ದರಂತೆ. ವಿಮಾನ ನಮ್ಮದಲ್ಲ ಎಂದು ಬ್ಯಾಂಕಿನ ಆಫೀಸರಾದ ನನಗೆ ಅನಿಸಿತ್ತು. ಶಾಲೆಯ ಮೆಟ್ಟಿಲು ಹತ್ತದ ಅಮ್ಮನಿಗೆ ಅನಿಸಿರಲಿಲ್ಲ.

ನಮ್ಮವರಲ್ಲಿ ಇಂಥ ಕತೆ ಇಲ್ಲದ ಮನೆ ಕಡಿಮೆ. ಮುಂಬಯಿಯಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆ ಕೇಳಿ ನೋಡಿ. ಅಪ್ಪನ ಮುಖ ಕಾಣಲಿಲ್ಲ, ಅಕ್ಕನ ಮದುವೆಗೆ ತಲುಪಲಿಲ್ಲ, ಟೆಲಿಗ್ರಾಂ ಮೂರನೇ ದಿನ ಬಂತು. ಹೊರನಾಡಿನ ಕನ್ನಡಿಗರ ಚರಿತ್ರೆ ಎಂದರೆ ಸಂಘ ಕಟ್ಟಿದ್ದು, ಹೋಟೆಲ್ ತೆರೆದದ್ದು, ನಾಟಕ ಆಡಿದ್ದು ಎಂದು ಬರೆಯುತ್ತೇವೆ. ತಡವಾಗಿ ತಲುಪಿದವರ ಚರಿತ್ರೆಯೂ ಅದರೊಳಗೇ ಇದೆ, ಅದನ್ನು ಯಾರೂ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ.

1991ರಲ್ಲಿ ಅಮ್ಮನನ್ನು ವಿಮಾನದಲ್ಲೇ ಮುಂಬಯಿಗೆ ಕರೆದುಕೊಂಡು ಬರಬೇಕೆಂದು ಹಠ ಹಿಡಿದೆ. ನಮ್ಮ ಎಲ್.ಟಿ.ಸಿ. ನಿಯಮದ ಪ್ರಕಾರ ನನ್ನ ದರ್ಜೆಗೆ ರೈಲಿನ ಫಸ್ಟ್ ಕ್ಲಾಸ್ ದರ ಮಾತ್ರ ಸಿಗುತ್ತಿತ್ತು. ರೈಲು ಅಷ್ಟು ಸುತ್ತಿ ಹೋಗುತ್ತಿದ್ದುದರಿಂದ ಆ ದರವೇ ಸಾಕಷ್ಟಿತ್ತು, ಉಳಿದದ್ದನ್ನು ಕೈಯಿಂದ ಹಾಕಿದೆ. ಹಳಿ ಇಲ್ಲದ್ದರಿಂದ ನನಗಾದ ಒಂದೇ ಲಾಭ ಅದು. ಅಮ್ಮ ಕಿಟಕಿಯ ಹತ್ತಿರ ಕೂತರು. ವಿಮಾನ ಏರಿ ತಿರುಗುವಾಗ ಕೆಂಪು ಗುಡ್ಡ, ನದಿ, ತೋಟಗಳು ಕಂಡವು. "ನಮ್ಮ ಮನೆ ಯಾವುದು?" ಎಂದು ಕೇಳಿದರು. ಯಾವುದೋ ಒಂದು ಹಂಚಿನ ಮಾಡನ್ನು ತೋರಿಸಿದೆ. ಆಮೇಲೆ ಕಾಫಿ ಬಂತು, ತಿಂಡಿ ಬಂತು, ಅದನ್ನು ಮುಗಿಸುವಷ್ಟರಲ್ಲಿ ಬೆಲ್ಟು ಕಟ್ಟಿ ಎಂದರು. ಸಾಂತಾಕ್ರೂಜ್‌ನಲ್ಲಿ ಇಳಿದು ಹೊರಗೆ ಬಂದ ಮೇಲೆ ಅಮ್ಮ ನನ್ನ ಕೈ ಹಿಡಿದು ನಿಂತು ಕೇಳಿದರು: "ಇಷ್ಟೇಯಾ ಮಗಾ? ಇಷ್ಟು ಹತ್ತಿರ ಇದ್ದಿಯಾ ನೀನು?" ಆರೋಪವಲ್ಲ ಅದು, ಆಶ್ಚರ್ಯ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಬಡವರಿಗೆ ದೂರ ಕಡಿಮೆ ಮಾಡಿದ್ದು ವಿಮಾನವಲ್ಲ, ಕೊಂಕಣ ರೈಲು. ಆ ಕನಸು ಹಳೆಯದು. ಆದರೆ ಕೆಲಸಕ್ಕೆ ಇಳಿದದ್ದು ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸ್ ರೈಲು ಮಂತ್ರಿಯಾಗಿದ್ದಾಗ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ರೋಹಾದಿಂದ ನಮ್ಮ ತೋಕೂರಿನವರೆಗೆ 741 ಕಿ.ಮೀ., ತೊಂಬತ್ತಕ್ಕೂ ಹೆಚ್ಚು ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ. ಯುವಕನಾಗಿದ್ದಾಗ ಹೊಟ್ಟೆಪಾಡಿಗೆ ಮುಂಬಯಿಗೆ ಹೋಗಿ ಫುಟ್‌ಪಾತಿನಲ್ಲಿ ಮಲಗಿದ್ದ ಮನುಷ್ಯ ಮಂತ್ರಿಯಾದ ಮೇಲೆ ಆ ದಾರಿಯನ್ನು ನೆನಪಿಟ್ಟುಕೊಂಡರು ಎಂದು ನಮ್ಮವರು ಈಗಲೂ ಹೇಳುತ್ತಾರೆ. 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಶುರುವಾಯಿತು. 2,041 ಕಿ.ಮೀ. ಇದ್ದ ರೈಲು ದಾರಿ 914ಕ್ಕೆ ಇಳಿಯಿತು, 41 ಗಂಟೆ 15ಕ್ಕೆ ಇಳಿಯಿತು. ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಬೆಳಗಿನ ಚಹಾ ಊರಿನಲ್ಲಿ. ಹೋಟೆಲಿನ ಹುಡುಗನಿಗೂ ಕೈಗೆಟಕುವ ಟಿಕೇಟು. ನಮ್ಮ ಸೊಸೈಟಿಯಲ್ಲಿದ್ದ ಊರಿನವರು ಮೊದಲ ವಾರದಲ್ಲೇ ಸುಮ್ಮನೆ ಹೋಗಿ ಬಂದರು. ಯಾಕೆಂದು ಕೇಳಿದರೆ, "ಹೋಗಬಹುದಲ್ಲ, ಅದಕ್ಕೆ" ಎಂದರು.

ಆಕಾಶದಲ್ಲೂ ಬದಲಾವಣೆ ಬರುತ್ತಿತ್ತು. 1993ರಲ್ಲಿ ಜೆಟ್ ಏರ್‌ವೇಸ್ ಹಾರಾಟ ಶುರು ಮಾಡಿತು, ಮುಂಬಯಿ-ಮಂಗಳೂರಿನ ದಾರಿಗೂ ಬಂತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬಂದ ಮೇಲೆ ಟಿಕೇಟಿನ ದರ ನೋಡಿ ಹೆದರುವುದು ಕಡಿಮೆಯಾಯಿತು. ಆ ಎರಡೂ ಈಗ ಇಲ್ಲ. ಡೆಕ್ಕನ್ ಕಿಂಗ್‌ಫಿಷರಿನಲ್ಲಿ ಸೇರಿಹೋಯಿತು, ಅದು 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಆದರೆ ಅವು ತೆರೆದ ಬಾಗಿಲು ಮುಚ್ಚಲಿಲ್ಲ. ಬಜ್ಪೆಯಲ್ಲಿ 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಆಯಿತು, ಗಲ್ಫಿಗೆ ನೇರ ವಿಮಾನ ಬಂತು. ಅದಕ್ಕಾಗಿ ಆಸುಪಾಸಿನ ಊರಿನ ಎಷ್ಟೋ ಮಂದಿ ಮನೆ, ಜಮೀನು ಬಿಟ್ಟು ಕೊಟ್ಟರು. ಮುಂಬಯಿ, ದುಬಾಯಿ ಹತ್ತಿರವಾಗುವುದಕ್ಕೆ ತಾವೇ ಊರು ಬಿಟ್ಟವರು ಅವರು.

2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಹೋದರು, ಎಂಟು ಮಂದಿ ಉಳಿದರು. ಆ ವಿಮಾನದಲ್ಲಿದ್ದ ಬಹಳಷ್ಟು ಮಂದಿ ನಮ್ಮ ಹಾಗೆಯೇ ಊರಿಗೆ ಬರುತ್ತಿದ್ದವರು. ಕೆಲವರು ಮದುವೆಗೆ, ಕೆಲವರು ಸಾವಿಗೆ. ಅಮ್ಮ ಆಗ ಇದ್ದರು. ಫೋನಿನಲ್ಲಿ ಒಂದೇ ಮಾತು, "ನೀನು ರೈಲಿನಲ್ಲಿ ಬಾ." ಎರಡು ವರ್ಷ ಹಾಗೇ ಮಾಡಿದೆ.

ಈಗ ವೇಳಾಪಟ್ಟಿಯ "ಒಂದೂವರೆ ಗಂಟೆ" ಎಷ್ಟು ನಿಜ ಎಂದು ಲೆಕ್ಕ ಹಾಕೋಣ. ವೇಳಾಪಟ್ಟಿಯಲ್ಲಿ ಬರೆಯುವುದು ಹಾರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದಲ್ಲಿಂದ ಹಿಡಿದು, ಇನ್ನೊಂದು ತುದಿಯಲ್ಲಿ ನಿಲ್ಲುವ ತನಕದ ಹೊತ್ತು. ಮುಂಬಯಿಯಲ್ಲಿ ಎರಡು ರನ್‌ವೇ ಇವೆ, ಆದರೆ ಅವು ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ ಎರಡನ್ನೂ ಒಟ್ಟಿಗೆ ಬಳಸುವ ಹಾಗಿಲ್ಲ. ಅಷ್ಟು ದೊಡ್ಡ ಶಹರದ ವಿಮಾನಗಳೆಲ್ಲ ಒಂದೇ ದಾರಿಯಲ್ಲಿ ಸಾಲು ನಿಲ್ಲಬೇಕು, ಬರುವವು ಆಕಾಶದಲ್ಲಿ ಸುತ್ತು ಹಾಕಬೇಕು. ಕಂಪೆನಿಗಳು ಆ ಹೊತ್ತನ್ನೂ ಸೇರಿಸಿಯೇ ವೇಳೆ ಬರೆಯುತ್ತವೆ. ನಾನಿರುವುದು ಡೊಂಬಿವಲಿಯಲ್ಲಿ. ಏಳು ಗಂಟೆಯ ವಿಮಾನಕ್ಕೆ ನಾಲ್ಕಕ್ಕೆ ಮನೆ ಬಿಡಬೇಕು. ಸಾಲಿನಲ್ಲಿ ನಿಂತು, ಬೆಲ್ಟು ಬಿಚ್ಚಿ, ಮತ್ತೆ ಕಟ್ಟಿ, ಕಾದು ಕೂತು, ಎಂಟೂವರೆಯ ಮೇಲೆ ಬಜ್ಪೆ, ಒಂಬತ್ತೂಕಾಲಿಗೆ ನಮ್ಮ ಅಂಗಳ. ಒಟ್ಟು ಐದೂಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಒಂದು ಗಂಟೆ ಚಿಲ್ಲರೆ. ವಿಮಾನದ ವೇಗ ಎಷ್ಟು ಹೆಚ್ಚಿದರೂ ಡೊಂಬಿವಲಿಯಿಂದ ನಿಲ್ದಾಣಕ್ಕೆ ಹೋಗುವ ವೇಗ ಹೆಚ್ಚಲಿಲ್ಲ. ಆದರೂ ಮೂವತ್ತೊಂದು ಎಲ್ಲಿ, ಐದೂಕಾಲು ಎಲ್ಲಿ?

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು, ಇಲ್ಲದಿದ್ದರೆ ತಾಳೆಯಾಗುವುದಿಲ್ಲ. ಸೋದರಮಾವ ಎರಡು ರಾತ್ರಿ ಹಡಗಿನಲ್ಲಿ ಬಂದರೆ ಎರಡು ತಿಂಗಳು ಊರಲ್ಲಿ ಇರುತ್ತಿದ್ದರು. ನಾನು ಬಸ್ಸಿನಲ್ಲಿ ಬಂದಾಗ ಇಪ್ಪತ್ತು ದಿನ. ರೈಲು ಬಂದ ಮೇಲೆ ಒಂದು ವಾರ. ವಿಮಾನದಲ್ಲಿ ಶನಿವಾರ ಬಂದು ಸೋಮವಾರ ಬೆಳಗ್ಗೆ ಶಾಖೆಯ ಬೀಗ ತೆಗೆದದ್ದೂ ಉಂಟು. ಒಮ್ಮೆ ಅಮ್ಮ ಅಂದರು, "ಬಸ್ಸಿನಲ್ಲಿ ಬರುವಾಗ ಚೀಲದಲ್ಲಿ ಸೋನ್‌ಪಾಪಡಿ ತರ್ತಿದ್ದಿ. ಈಗ ಬಂದ ಕೂಡಲೇ ರಿಟರ್ನ್ ಟಿಕೇಟು ತೋರಿಸ್ತಿ." ನಕ್ಕುಕೊಂಡೇ ಅಂದದ್ದು. ನಾನೂ ನಕ್ಕೆ. ದಾರಿ ಕಡಿಮೆಯಾದಷ್ಟೂ ಇರುವುದೂ ಕಡಿಮೆಯಾಗುತ್ತದೆ ಎಂಬುದು ಯಾವ ವೇಳಾಪಟ್ಟಿಯಲ್ಲೂ ಬರೆದಿರುವುದಿಲ್ಲ.

2013ರಲ್ಲಿ ಅಮ್ಮನಿಗೆ ಜೋರಾಯಿತೆಂದು ತಮ್ಮ ರಾತ್ರಿ ಫೋನ್ ಮಾಡಿದ. ಮೊಬೈಲಿನಲ್ಲೇ ಟಿಕೇಟು ಮಾಡಿ ಬೆಳಗಿನ ವಿಮಾನ ಹಿಡಿದೆ. ಒಂಬತ್ತೂಕಾಲಕ್ಕೆ ಅಂಗಳದಲ್ಲಿದ್ದೆ. ಅಮ್ಮನಿಗೆ ಪ್ರಜ್ಞೆ ಇತ್ತು. "ವಿಮಾನ ಬಂದದ್ದು ಕೇಳಿತು" ಎಂದರು. ಮೂರು ದಿನ ಇದ್ದರು. ಮೂರು ದಿನವೂ ನಾನು ಹತ್ತಿರವೇ ಇದ್ದೆ. ಅಪ್ಪನ ಬಾಕಿ ಅದರಿಂದ ತೀರಿತು ಎಂದು ನಾನು ಹೇಳುವುದಿಲ್ಲ. ಅದು ಬೇರೆ ಖಾತೆ.

ಈಚೆಗೆ ನಮಗೆ ಇನ್ನೊಂದು ವಿಮಾನ ನಿಲ್ದಾಣ ಬಂದಿದೆ. ನವಿ ಮುಂಬಯಿಯದ್ದು. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು, ಡಿಸೆಂಬರ್ 25ರಂದು ವಿಮಾನಗಳು ಹಾರಲು ಶುರುವಾದವು. ನೆಹರೂ ಬಜ್ಪೆಯಲ್ಲಿ ಇಳಿದದ್ದೂ ಡಿಸೆಂಬರ್ 25ರಂದೇ, ನಡುವೆ ಎಪ್ಪತ್ತನಾಲ್ಕು ವರ್ಷ. ಅಟ್ಲಾಸ್ ತೆಗೆದು ಮತ್ತೆ ಕರ್ಣದ ಲೆಕ್ಕ ಮಾಡಿದೆ. ಅಲ್ಲಿಂದ ಬಜ್ಪೆಗೆ ಸುಮಾರು 700 ಕಿ.ಮೀ. ಬದಲಾಗುವುದೇ ಇಲ್ಲ ಎಂದು ಮೊದಲಿಗೆ ಹೇಳಿದ ಅಂಕಿಯಲ್ಲೂ ಹದಿನೈದು ಕಿ.ಮೀ. ಕಡಿತ ಸಿಕ್ಕಿತು!

ನಿವೃತ್ತನಾದ ಮೇಲೆ ನನಗೆ ಅವಸರವಿಲ್ಲ. ಕಳೆದ ಸಲ ಮತ್ಸ್ಯಗಂಧದಲ್ಲಿ ಊರಿಗೆ ಹೋದೆ. ಚಹಾ ಕುಡಿಯುವಾಗ ತಮ್ಮ ಅಭ್ಯಾಸದಂತೆ ಕೇಳಿದ, "ವಾಪಸ್ಸು ಯಾವಾಗ ಅಣ್ಣಾ?" ಟಿಕೇಟು ಮಾಡಿಸಿಲ್ಲ ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಒಳಗೆ ತಿರುಗಿ ಹೆಂಡತಿಗೆ, "ಒಂದು ಸೇರು ಅಕ್ಕಿ ಜಾಸ್ತಿ ಹಾಕು" ಎಂದ. ಅಷ್ಟರಲ್ಲಿ ತೋಟದ ಮೇಲಿಂದ ವಿಮಾನ ಹೋಯಿತು. ಈಗ ದಿನಕ್ಕೆ ಎಷ್ಟೋ ಬರುತ್ತವೆ, ಯಾವುದು ಬೊಂಬಾಯಿಯದ್ದು ಎಂದು ಹೇಳುವ ಹಾಗಿಲ್ಲ. ನಾವಿಬ್ಬರೂ ತಲೆ ಎತ್ತಿ ನೋಡಿದೆವು.